ಲಿಸ್ಬನ್ ಅಂದ್ರೆ ಹತ್ತೋದು, ಇಳಿಯೋದು

ಪೋರ್ಚುಗಲ್ ರಾಜಧಾನಿ ಲಿಸ್ಬನ್ನಿಗೆ ಹೋಗೋರು ಮೊದಲು ಒಳ್ಳೆ ಗ್ರಿಪ್ ಇರೋ ಶೂ ತಗೊಳ್ಳಿ, ಕ್ಯಾಮೆರಾ ಆಮೇಲೆ. ಊರೆಲ್ಲಾ ದಿಬ್ಬಾನೇ, ಫುಟ್‌ಪಾತ್‌ಗೆ ಹಾಕಿರೋ ಪುಟಾಣಿ ಬಿಳಿ ಸುಣ್ಣಕಲ್ಲುಗಳು ಜನ ನಡೆದೂ ನಡೆದೂ ನುಣ್ಣಗಾಗಿ ಬಿಸಿಲಲ್ಲಿ ಕಣ್ಣಿಗೆ ಹೊಡೀತವೆ, ಇನ್ನು ನಾಕು ಹನಿ ಮಳೆ ಬಿದ್ರಂತೂ ಜಾರುಬಂಡೆನೇ.

28ನೇ ನಂಬರ್ ಹಳದಿ ಟ್ರಾಮ್ ಕ್ಯೂ ನೋಡೇ ಸುಸ್ತಾಗಿ ನಾನು ನಡ್ಕೊಂಡೇ ಅಲ್ಫಾಮಾ ಅನ್ನೋ ಹಳೇ ಏರಿಯಾ ಹತ್ತಿದೆ, ಅದೇ ಚೆನ್ನಾಗಿತ್ತು ಬಿಡಿ. ಕೆಲವು ಕಡೆ ರಸ್ತೆ ಎಷ್ಟು ಕಿರಿದು ಅಂದ್ರೆ ಟ್ರಾಮ್ ಬಂದ್ರೆ ಗೋಡೆಗೆ ಅಂಟ್ಕೊಂಡು ನಿಂತ್ಕೋಬೇಕು, ಮೇಲಿಂದ ಯಾರದೋ ಒಣಗಾಕಿದ ಬೆಡ್‌ಶೀಟ್ ನೀರು ತಲೆ ಮೇಲೆ ತೊಟ್ಟಿಕ್ತಾ ಇರುತ್ತೆ.

ನಂಗೆ ಭಾಳ ಹಿಡಿಸಿದ್ದು ಕಾರ್ಮೊ ಚರ್ಚು. 1755ರ ನವೆಂಬರ್ 1, ಹಬ್ಬದ ದಿನ ಬೆಳಿಗ್ಗೆ ಭೂಕಂಪ ಆಗಿ ಚಾವಣಿ ಕುಸೀತಲ್ಲ, ಇವತ್ತಿಗೂ ಹಂಗೇ ಬಿಟ್ಟಿದಾರೆ, ಬರೀ ಕಲ್ಲಿನ ಕಮಾನು, ಮೇಲೆ ಆಕಾಶ. ಕೆಳಗಿನ ಬೈಶಾ ಏರಿಯಾನ ಮಾತ್ರ ಪೊಂಬಾಲ್ ಅನ್ನೋ ಮಂತ್ರಿ ನೇರ ನೇರ ರಸ್ತೆ ಹಾಕ್ಸಿ ಹೊಸದಾಗಿ ಕಟ್ಟಿಸಿದ್ದು, ನೀಟಾಗಿದೆ, ಆದ್ರೆ ಅಲ್ಫಾಮಾ ಮಜಾ ಅಲ್ಲಿಲ್ಲ.

ಮತ್ತೆ ಪಾಸ್ಟೆಲ್ ದ ನಾಟಾ, ಅಂದ್ರೆ ಮೊಟ್ಟೆ ಕಸ್ಟರ್ಡ್ ತುಂಬಿದ ಪುಟಾಣಿ ಟಾರ್ಟ್, ಬಿಸಿ ಇರೋವಾಗ್ಲೇ ದಾಲ್ಚಿನ್ನಿ ಪುಡಿ ಉದುರಿಸ್ಕೊಂಡು ತಿನ್ನಿ. ಮೊಟ್ಟೆ ತಿನ್ನದೋರು ಕಾಫಿ ಕುಡ್ಕೊಂಡು ನಮ್ಮನ್ನ ನೋಡ್ತಾ ಕೂರಬೇಕಷ್ಟೆ, ಏನ್ಮಾಡಕ್ಕಾಗುತ್ತೆ!