ಪಿಕಪ್‌ನಲ್ಲಿ ಯಾವ ಸ್ಪೇರ್ ಇಟ್ಟುಕೊಳ್ಳಬೇಕು? ಮೊದಲು ನೀರು ನೋಡಿ

ಮಳೆ ಬಿಡುವ ಹೊತ್ತಿಗೆ ಈ ಪ್ರಶ್ನೆ ಶುರುವಾಗುತ್ತದೆ. "ಡೀಸೆಲ್ ಪಿಕಪ್ ಇದೆ. ಜೋಯಿಡಾ, ಉಳವಿ, ಕ್ಯಾಸಲ್‌ರಾಕ್ ಕಡೆ ನಾಲ್ಕು ದಿನ ಸುತ್ತಬೇಕು. ನಡುಕಾಡಿನಲ್ಲಿ ಕೈಕೊಡದ ಹಾಗೆ ಯಾವ ಸ್ಪೇರ್ ಇಟ್ಟುಕೊಳ್ಳಲಿ?" ಕೇಳುವವರಲ್ಲಿ ಅಡಿಕೆ ಮೂಟೆ ಹೊರುವ ಬೊಲೆರೊ ಪಿಕಪ್‌ನವರೂ ಇದ್ದಾರೆ, ಹೊಸದಾಗಿ ಡಿ-ಮ್ಯಾಕ್ಸ್, ಹೈಲಕ್ಸ್ ತಗೊಂಡವರೂ ಇದ್ದಾರೆ.

ಸ್ಪೇರ್ ಡಬ್ಬಿ ಆಮೇಲೆ, ಮೊದಲು ನೀರು ನೋಡಿ ಅನ್ನುವುದೇ ನನ್ನ ಉತ್ತರ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಡೀಸೆಲ್ ಗಾಡಿ ದಾರಿಯಲ್ಲಿ ನಿಲ್ಲುವುದು ಎಂಜಿನ್ ಒಡೆದು ಅಲ್ಲ. ಇರಬಾರದ ಕಡೆ ನೀರು ಸೇರಿರುತ್ತದೆ, ಇಲ್ಲವೇ ಇರಬೇಕಾದ ಕಡೆ ಖಾಲಿಯಾಗಿರುತ್ತದೆ.

ಡೀಸೆಲ್ ಫಿಲ್ಟರಿನಿಂದ ಶುರು ಮಾಡೋಣ. ನೀರು ಡೀಸೆಲ್‌ಗಿಂತ ಭಾರ, ಆದ್ದರಿಂದ ಫಿಲ್ಟರಿನ ತಳದಲ್ಲಿ ಕೂತಿರುತ್ತದೆ. ಬಹುತೇಕ ಪಿಕಪ್‌ಗಳಲ್ಲಿ ಅಲ್ಲೇ ಒಂದು ಡ್ರೇನ್ ಸ್ಕ್ರೂ ಇದೆ. ಎಷ್ಟೋ ಜನ ಗಾಡಿ ಮಾರುವವರೆಗೂ ಅದನ್ನು ಮುಟ್ಟಿರುವುದಿಲ್ಲ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ಬೆಳಿಗ್ಗೆ ಎಂಜಿನ್ ಹಚ್ಚುವ ಮೊದಲೇ ಈ ಕೆಲಸ ಮಾಡಿ. ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿ ಕೆಳಗೆ ಹಿಡಿದು, ಸ್ಕ್ರೂವನ್ನು ಎರಡು ಮೂರು ಸುತ್ತು ಸಡಿಲಿಸಿ, ಫಿಲ್ಟರಿನ ಮೇಲಿನ ಹ್ಯಾಂಡ್ ಪಂಪ್ ಒತ್ತುತ್ತಾ ಸುಮಾರು 100 ಮಿಲಿ ಇಳಿಸಿ. ಬಾಟಲಿಯನ್ನು ಹತ್ತು ನಿಮಿಷ ಅಲ್ಲಾಡಿಸದೆ ಇಟ್ಟು ಬೆಳಕಿಗೆ ಹಿಡಿದು ನೋಡಿ. ನೀರಿದ್ದರೆ ತಳದಲ್ಲಿ ಬೇರೆಯೇ ಪದರ ಕಾಣುತ್ತದೆ, ನಡುವೆ ಗೆರೆ ಎಳೆದ ಹಾಗೆ. ಕಂದು ಪುಡಿ ಕಂಡರೆ ಟ್ಯಾಂಕ್ ಒಳಗೆ ತುಕ್ಕು ಶುರುವಾಗಿದೆ ಎಂದರ್ಥ. ಬರೀ ಡೀಸೆಲ್ ಬರುವವರೆಗೆ ಇಳಿಸಿ ಸ್ಕ್ರೂ ಬಿಗಿ ಮಾಡಿ. ಬಿಗಿ ಅಂದರೆ ಕೈಬಿಗಿ ಸಾಕು, ಅದು ಹೆಚ್ಚಾಗಿ ಪ್ಲಾಸ್ಟಿಕ್. ಪಾನಾ ಹಾಕಿ ತಿರುಚಿದರೆ ಚೂಡಿ ಹೋಗುತ್ತದೆ.

ಇಷ್ಟು ರಗಳೆ ಯಾಕೆ ಅಂದರೆ, ಕಾಮನ್ ರೈಲ್ ಎಂಜಿನ್ನಿನಲ್ಲಿ (ಎಲ್ಲ ಇಂಜೆಕ್ಟರಿಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವ ಈಗಿನ ಎಂಜಿನ್) ಡೀಸೆಲ್ 1600 ಬಾರ್‌ಗೂ ಹೆಚ್ಚಿನ ಒತ್ತಡದಲ್ಲಿ ಇಂಜೆಕ್ಟರಿಗೆ ಹೋಗುತ್ತದೆ. ಆ ಒತ್ತಡ ಕೊಡುವ ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಎಣ್ಣೆ. ನೀರು ಹೋದರೆ ಆ ಜಿಡ್ಡು ಇಲ್ಲದೆ ಪಂಪ್ ಸವೆಯುತ್ತದೆ, ಸವೆದ ಲೋಹದ ಪುಡಿ ಎಲ್ಲ ಇಂಜೆಕ್ಟರಿಗೂ ಹರಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ನೀರಿನ ಹನಿ ಇರುವ ಫಿಲ್ಟರ್ ಚಿತ್ರ ಹತ್ತಿದ ಮೇಲೂ "ಶಿರಸಿ ಮುಟ್ಟಿದ ಮೇಲೆ ನೋಡೋಣ" ಎಂದು ಓಡಿಸುವುದು ಕೆಟ್ಟ ಲೆಕ್ಕ.

ನೀರು ಬರುವುದೆಲ್ಲಿಂದ? ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿ ತಂಪಿಗೆ ಹನಿಯಾಗಿ ಇಳಿಯುತ್ತದೆ. ಹಾಗಾಗಿ ತಂಗುವ ಮೊದಲೇ, ಸಂಜೆಗೆ, ಟ್ಯಾಂಕ್ ತುಂಬಿಸಿ. ಇನ್ನೊಂದು ದಾರಿ ಕ್ಯಾನ್. ಒಳಹಳ್ಳಿಯಲ್ಲಿ ಕ್ಯಾನಿನ ಡೀಸೆಲ್ ಹಾಕಿಸಿಕೊಳ್ಳಲೇಬೇಕಾದರೆ ಅದನ್ನು ಕದಲಿಸದೆ ಇಟ್ಟು, ಮೇಲಿನದನ್ನಷ್ಟೇ ಸುರಿದು, ತಳದ ಒಂದು ಲೀಟರ್ ಬಿಟ್ಟುಬಿಡಿ. ಮಳೆ ಸುರಿಯುವಾಗಲಂತೂ ಲಾಳಿಕೆಯ ಮೇಲೆ ಕೊಡೆ ಹಿಡಿಯಲು ಒಬ್ಬರು ಬೇಕು. ನಗಬೇಡಿ, ಬೇಕೇ ಬೇಕು.

ಟ್ಯಾಂಕ್ ಪೂರಾ ಖಾಲಿಯಾದರೆ ಅಥವಾ ಫಿಲ್ಟರ್ ಬದಲಿಸಿದರೆ ಲೈನ್ ಏರ್ ಹಿಡಿಯುತ್ತದೆ, ಅಂದರೆ ಡೀಸೆಲ್ ಪೈಪಿನಲ್ಲಿ ಗಾಳಿ ಸೇರುತ್ತದೆ. ಆಗ ಸೆಲ್ಫ್ ಹೊಡೆಯುತ್ತಲೇ ಇರಬೇಡಿ, ಬ್ಯಾಟರಿ ಕೂರುತ್ತದೆ. ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿ, ಹತ್ತು ಸೆಕೆಂಡ್ ಸೆಲ್ಫ್ ಹೊಡೆದು, ಅರ್ಧ ನಿಮಿಷ ಬಿಟ್ಟು ಮತ್ತೆ ನೋಡಿ. ಹಳೇ ಮೆಕ್ಯಾನಿಕಲ್ ಪಂಪಿನ ಎಂಜಿನ್ನಿನಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಏರ್ ತೆಗೆಯುವುದು ರೂಢಿ. ಕಾಮನ್ ರೈಲ್‌ನಲ್ಲಿ ಅದನ್ನು ಯಾವತ್ತೂ ಮಾಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಇನ್ನು ಹಳ್ಳ ದಾಟುವ ವಿಷಯ. ನಿಂತ ನೀರಾದರೆ ಮೊದಲು ಕೋಲು ಹಿಡಿದು ನಡೆದು ನೋಡಿ. ಚಕ್ರದ ಅರ್ಧಕ್ಕಿಂತ ಮೇಲೆ ಬರುವಂತಿದ್ದರೆ ವಾಪಸ್. ಕೆಂಪಾಗಿ ಹರಿಯುವ ನೀರಾದರೆ ಆಳ ಅಳೆಯುವ ಮಾತೇ ಇಲ್ಲ, ಕಾಯಿರಿ. ದಾಟುವಾಗ ಒಂದನೇ ಗೇರ್, ಒಂದೇ ವೇಗ, ನಡುವೆ ಕ್ಲಚ್ ಒತ್ತಬಾರದು. ನೀರಿನಲ್ಲಿ ಎಂಜಿನ್ ಬಂದ್ ಆಯಿತೋ, ಕೀ ಮುಟ್ಟಬೇಡಿ. ಡೀಸೆಲ್ ಎಂಜಿನ್ ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಹಿಂಡುತ್ತದೆ, ನೀರನ್ನು ಹಿಂಡಲಾಗದು. ಸಿಲಿಂಡರಿನಲ್ಲಿ ನೀರಿದ್ದಾಗ ಒಂದು ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಅಲ್ಲಿಗೆ ಎಂಜಿನ್ ಇಳಿಸುವ ಕೆಲಸ. ಗಾಡಿಯನ್ನು ಎಳೆಸಿ ಹೊರತಂದು ಏರ್ ಫಿಲ್ಟರ್ ತೆಗೆದು ನೋಡಿ. ಒಣಗಿದ್ದರೆ ಅದೃಷ್ಟ. ಒದ್ದೆಯಾಗಿದ್ದರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ ನೀರು ಹೊರಹಾಕದೆ ಎಂಜಿನ್ ತಿರುಗಿಸುವಂತಿಲ್ಲ.

ದಾಟಿದ ಮೇಲೂ ಒಂದು ಬಾಕಿ ಇದೆ. ಓಡಿ ಕಾದ, ಹಿಂದಿನ ಚಕ್ರಗಳ ನಡುವಿನ ಗೇರ್ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಅದರ ಗಾಳಿಯಾಡುವ ರಂಧ್ರ, ಬ್ರೀದರ್, ಕೆಸರಿನಿಂದ ಮುಚ್ಚಿದ್ದರೆ ಆಯಿಲ್ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಮನೆಗೆ ಬಂದ ಮೇಲೆ ಹೌಸಿಂಗ್ ಆಯಿಲ್ ನೋಡಿ. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಬದಲಿಸಲೇಬೇಕು. ಬದಲಿಸುವಾಗ ಮೊದಲು ಮೇಲಿನ, ತುಂಬುವ ಪ್ಲಗ್ ತೆಗೆಯಿರಿ. ಕೆಳಗಿನದನ್ನು ಬಿಚ್ಚಿ ಆಯಿಲ್ ಎಲ್ಲ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರದಿದ್ದರೆ ಗಾಡಿ ಅಲ್ಲೇ.

ರೇಡಿಯೇಟರ್. ಇಲ್ಲಿ ನೀರು ಬೇಕು, ಆದರೆ ಹಳ್ಳದ್ದಲ್ಲ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ತಣ್ಣಗಿರುವಾಗ ಮೇಲಿನ, ಕೆಳಗಿನ ಹೋಸ್ ಎರಡನ್ನೂ ಕ್ಲಿಪ್ಪಿನ ಹತ್ತಿರ ಹಿಸುಕಿ ನೋಡಿ. ಮೆತ್ತಗಾಗಿದ್ದರೆ, ಉಬ್ಬಿದ್ದರೆ, ಸಣ್ಣ ಬಿರುಕು ಬಾಯಿ ತೆರೆದರೆ ಅದು ಘಟ್ಟ ಹತ್ತುವಾಗಲೇ ಒಡೆಯುತ್ತದೆ. ವಾಟರ್ ಪಂಪಿನ ಕೆಳಗೆ ಒಣಗಿದ ಕೂಲಂಟಿನ ಬಣ್ಣದ ಕಲೆ ಇದ್ದರೆ ಪಂಪಿನ ಸೀಲ್ ಹೋಗುತ್ತಿದೆ. ಬೆಲ್ಟ್ ಕೂಡ ಆಗಲೇ ನೋಡಿ. ಹಲವು ಪಿಕಪ್‌ಗಳಲ್ಲಿ ಡೈನಮೋದ ಹಿಂದೆಯೇ ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರಿನ ವ್ಯಾಕ್ಯೂಮ್ ಪಂಪ್ ಇರುತ್ತದೆ. ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ, ಒಂದು ಬೆಲ್ಟ್ ಹರಿದಾಗ ಚಾರ್ಜಿಂಗ್, ಕೂಲಿಂಗ್, ಬ್ರೇಕಿನ ಹಗುರ ಮೂರೂ ಒಟ್ಟಿಗೆ ಹೋಗುತ್ತವೆ.

ಅರಬೈಲ್ ಘಟ್ಟದಲ್ಲಿ ಲೋಡ್ ಹಾಕಿ ಹತ್ತುವಾಗ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿದ್ದರೆ ಏಸಿ ಬಂದ್ ಮಾಡಿ, ಹೀಟರ್ ಪೂರಾ ಹಾಕಿ, ಒಂದು ಗೇರ್ ಇಳಿಸಿ. ಬೆವರುತ್ತೀರಿ, ಎಂಜಿನ್ ಉಳಿಯುತ್ತದೆ. ಆವಿ ಕಂಡರೆ ಅಥವಾ ಬ್ಯಾಟರಿ ದೀಪವೂ ಹತ್ತಿದರೆ ತಕ್ಷಣ ನಿಲ್ಲಿಸಿ. ಮುಚ್ಚಳ ತೆಗೆಯಲು ಕನಿಷ್ಠ ಅರ್ಧ ಗಂಟೆ ಕಾಯಿರಿ.

ಇಳಿಯುವಾಗ ಬ್ರೇಕಿನ ಸರದಿ, ಅಲ್ಲೂ ನೀರೇ ವಿಲನ್. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಅದು 140 ಡಿಗ್ರಿ. ದೇವಿಮನೆ ಘಟ್ಟದಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಆಯಿಲ್ ಕುದಿದು ಗುಳ್ಳೆಯಾಗಿ ಪೆಡಲ್ ಸ್ಪಂಜಿನ ಹಾಗೆ ತಳಕ್ಕೆ ಹೋಗುತ್ತದೆ. ಕರಾವಳಿಯ ಗಾಡಿಗೆ ಎರಡು ವರ್ಷಕ್ಕೊಮ್ಮೆ ಎನ್ನುವುದು ನನ್ನ ಪ್ರಕಾರ ಸಾಲದು, ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸಿ. ಹತ್ತುವ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುವವರಿಗೆ ಒಂದು ಮಾತು: ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಕಾಮನ್ ರೈಲ್ ಎಂಜಿನ್ ಡೀಸೆಲ್ಲನ್ನೇ ಕುಡಿಯುವುದಿಲ್ಲ.

2020ರ ಏಪ್ರಿಲ್ ನಂತರದ ಬಿಎಸ್-6 (ಹೊಸ ಹೊಗೆ ಮಾನದಂಡದ) ಗಾಡಿಯಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದರೆ, ಕಾಡಿನ ದಾರಿಯಲ್ಲಿ ಎರಡನೇ ಗೇರಿನಲ್ಲೇ ದಿನವಿಡೀ ಓಡಿದಾಗ ಮಸಿ ಕಟ್ಟುತ್ತದೆ. ದೀಪ ಹತ್ತಿದರೆ ಹೆದ್ದಾರಿಗೆ ಬಂದು 2000 ಆರ್‌ಪಿಎಂ ಮೇಲೆ ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ.

ಕಾರವಾರ, ಅಂಕೋಲಾ, ಕುಮಟಾದವರಿಗೆ ನೀರಿನ ಜೊತೆ ಉಪ್ಪೂ ಇದೆ. ಬ್ಯಾಟರಿ ಟರ್ಮಿನಲ್ಲಿನ ಬಿಳಿ-ಹಸಿರು ಪುಡಿಗೆ ಬಿಸಿನೀರು, ಅಡುಗೆ ಸೋಡಾ, ಒಣಗಿದ ಮೇಲೆ ವ್ಯಾಸಲೀನ್. ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ವೈರನ್ನು ಯಾರೂ ನೋಡುವುದಿಲ್ಲ. ಅದರ ಬೋಲ್ಟ್ ಬಿಚ್ಚಿ, ಸ್ಯಾಂಡ್‌ಪೇಪರ್ ಉಜ್ಜಿ ಮತ್ತೆ ಬಿಗಿದರೆ ಅರ್ಧ ಸ್ಟಾರ್ಟಿಂಗ್ ತೊಂದರೆ ಅಲ್ಲೇ ಮುಗಿಯುತ್ತದೆ. ಬ್ಯಾಟರಿಯಲ್ಲಿ ಎಂಜಿನ್ ಬಂದ್ ಇದ್ದಾಗ 12.6 ವೋಲ್ಟ್, ಓಡುವಾಗ 13.8ರಿಂದ 14.4 ಇದ್ದರೆ ಸರಿ. ಹಳೇ ಬೊಲೆರೊಗೂ ಇದೇ ಲೆಕ್ಕ.

ಡಬ್ಬಿಯಲ್ಲಿ ಏನಿರಲಿ: ನಿಮ್ಮದೇ ಮಾಡೆಲ್ಲಿನ ಡೀಸೆಲ್ ಫಿಲ್ಟರ್ ಎರಡು, ಬೆಲ್ಟ್, ಎರಡೂ ಹೋಸ್, ನಾಲ್ಕು ಕ್ಲಿಪ್, ಕೂಲಂಟ್ ಎರಡು ಲೀಟರ್, ಎಂಜಿನ್ ಆಯಿಲ್ ಒಂದು ಲೀಟರ್, ಫ್ಯೂಸ್, ರಿಲೇ, ವೈರ್, ಟೇಪ್ (ಮಲೆನಾಡಿನ ಇಲಿ ಬಾನೆಟ್ ಒಳಗೆ ಬೆಚ್ಚಗೆ ಕೂತು ವೈರ್ ಕಡಿಯುತ್ತದೆ), ಪಂಕ್ಚರ್ ಕಿಟ್, ಪಂಪ್. 10ರಿಂದ 19ರವರೆಗಿನ ಪಾನಾ. ಜಾಕ್ ಜೊತೆಗೆ ಒಂದಡಿ ಚೌಕದ ದಪ್ಪ ಹಲಗೆ, ಇಲ್ಲದಿದ್ದರೆ ಕೆಮ್ಮಣ್ಣಿನಲ್ಲಿ ಗಾಡಿ ಏಳುವ ಬದಲು ಜಾಕೇ ಇಳಿಯುತ್ತದೆ. ಹತ್ತಿಪ್ಪತ್ತು ಲೀಟರ್ ಡೀಸೆಲ್ ಹೆಚ್ಚೇ ಇರಲಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ ಮೇಲೆ ಸುತ್ತುದಾರಿ ಅಂದರೇನು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು, ಸ್ಟೆಪ್ನಿ. ಟ್ರಾಲಿಯ ಅಡಿಯಲ್ಲಿ ಚೈನಿನಿಂದ ತೂಗುವ ಸ್ಟೆಪ್ನಿಯ ಸ್ಕ್ರೂ ಕೆಸರಿಗೆ, ಉಪ್ಪುಗಾಳಿಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಗಾಳಿ ತುಂಬಿದ ಚಕ್ರ ಕಣ್ಣೆದುರೇ ಇರುತ್ತದೆ, ಇಳಿಸಲು ಬರುವುದಿಲ್ಲ. ಎರಡು ತಿಂಗಳಿಗೊಮ್ಮೆ ಪೂರಾ ಇಳಿಸಿ, ಚೈನಿಗೆ ಗ್ರೀಸ್ ಹಚ್ಚಿ, ಗಾಳಿ ನೋಡಿ ಮತ್ತೆ ಏರಿಸಿ. ಈ ವಾರ ಹೊರಡುವವರು ಇವತ್ತೇ ಒಮ್ಮೆ ಇಳಿಸಿ ನೋಡಿ.