ಮೇ ತಿಂಗಳ ಜೋಧಪುರ: ಮುಂಬೈ ಬೆವರಿನ ಲೆಕ್ಕ ಅಲ್ಲಿ ನಡೆಯದು

ಮಕ್ಕಳಿಗೆ ರಜೆ ಸಿಗುವುದೇ ಮೇ ತಿಂಗಳಲ್ಲಿ. ಹಾಗಾಗಿ ಮುಂಬೈ ಕಡೆಯ ಮಾಟುಂಗ, ಡೊಂಬಿವಲಿಯ ನಮ್ಮ ಕನ್ನಡಿಗರು ಜೋಧಪುರಕ್ಕೆ ಹೊರಡುವುದೂ ಆಗಲೇ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗುವುದು ಮೇಲು. ಆಗದಿದ್ದರೆ ಬಿಸಿಲಿನ ಸ್ವಭಾವ ತಿಳಿದು ಹೋಗಿ. ಆಗ ಜೋಧಪುರ ಜಿಲ್ಲೆಯಲ್ಲೇ ಇದ್ದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿತ್ತು.

ನಾವು ಮೋಸಹೋಗುವುದು ಬೆವರಿನಲ್ಲಿ. ಮುಂಬೈಯಲ್ಲಿ ಅಂಗಿ ತೊಯ್ದು ಮೈಗಂಟಿದಾಗ ನೀರು ಕುಡಿಯುವುದು ರೂಢಿ. ಅಲ್ಲಿಯ ಒಣಗಾಳಿಯಲ್ಲಿ ಬೆವರು ಕಣ್ಣಿಗೆ ಬೀಳುವ ಮೊದಲೇ ಆರುತ್ತದೆ. ಅಂಗಿ ಗರಿಗರಿ, ಮೈಯ ನೀರು ಮಾತ್ರ ಖಾಲಿ. ಬಾಯಾರಿಕೆಗೆ ಕಾಯದೆ ಆಗಾಗ ಗುಟುಕರಿಸಿ. ಬರೀ ನೀರು ಸಾಲದು, ಉಪ್ಪೂ ಹೋಗಿರುತ್ತದೆ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಚಮಚದ ಅಂಚಿಗೆ ಸಮ ಮಾಡಿಯೇ ಅಳೆಯಿರಿ. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ. ಯಾರಾದರೂ ತೊದಲಿದರೆ, ಮಂಕಾದರೆ ನೆರಳಿಗೆ ತಂದು ಮೈಗೆ ನೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಿ.

ಬಾಂದ್ರಾ ಟರ್ಮಿನಸ್‌ನಿಂದ ಹೊರಡುವ ಸೂರ್ಯನಗರಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಬೇಗ ತಲುಪಿಸುತ್ತದೆ. ದಿನದಲ್ಲಿ ತಂಪಾದ ಹೊತ್ತು ಅದೇ. ಮಹಾರಾಜ ಸರ್ದಾರ್ ಸಿಂಗ್ ಕಟ್ಟಿಸಿದ ಗಡಿಯಾರ ಗೋಪುರ ಘಂಟಾಘರ್ ಆಗಲೇ ನೋಡಿ. ಸಂಜೆಗೆ ಬಿಟ್ಟರೆ, ಹಗಲೆಲ್ಲ ಕಾದ ಕಲ್ಲು ಗಲ್ಲಿಗಳಲ್ಲಿ ಶಾಖ ಕಕ್ಕುತ್ತಿರುತ್ತದೆ. ಮೆಹರಾನ್‌ಗಢ ಕೋಟೆಯ ಬಾಗಿಲು ತೆರೆಯುತ್ತಲೇ ಒಳಗಿರಿ; ಏರಲು ಲಿಫ್ಟ್ ಇದೆ. 1899ರ ಜಸ್ವಂತ್ ಥಡಾ ಸ್ಮಾರಕದ ಬಿಳಿ ಅಮೃತಶಿಲೆ ನಡುಹಗಲಲ್ಲಿ ಕಣ್ಣು ಕುಕ್ಕುತ್ತದೆ, ಕಪ್ಪು ಕನ್ನಡಕ ಬೇಕೇಬೇಕು.

ನಡುಹಗಲಿಗೆ ಉಮೇದ್ ಭವನದ ವಸ್ತುಸಂಗ್ರಹಾಲಯ ಇಟ್ಟುಕೊಳ್ಳಿ. ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಲ್ಯಾಂಚೆಸ್ಟರ್ ರೂಪಿಸಿದ ಈ ಅರಮನೆಯ ಕೆಲಸ 1929ರಲ್ಲಿ ಶುರುವಾಗಿ 1943ರಲ್ಲಿ ಮುಗಿಯಿತು. ಬರದಿಂದ ಕಂಗೆಟ್ಟ ರೈತರಿಗೆ ಕೂಲಿ ಸಿಗಲೆಂದೇ ಎತ್ತಿಕೊಂಡ ಕೆಲಸವದು. ಮಹಾರಾಜರ ವೈಭವವನ್ನಷ್ಟೇ ಕಂಡು ಮರಳಿದರೆ ಅರ್ಧ ನೋಡಿದಂತೆ. ಕಲ್ಲುಗಳನ್ನು ಗಾರೆಯಿಲ್ಲದೆ ಒಂದರೊಳಗೊಂದು ಕೂಡಿಸಿದ್ದಾರೆ. ದಪ್ಪ ಗೋಡೆ ಬಿಸಿಲನ್ನು ಒಳಕ್ಕೆ ಬಿಡಲು ಬಹಳ ಹೊತ್ತು ಹಿಡಿಯುತ್ತದೆ. ಉಳಿದ ಭಾಗ ಹೋಟೆಲ್ ಮತ್ತು ರಾಜಮನೆತನದ ವಾಸ, ಪ್ರವೇಶವಿಲ್ಲ.

ಕೋಣೆಯಲ್ಲಿ ಏಸಿ ಬದಲು ಕೂಲರ್ ಸಿಕ್ಕಿದರೆ ಬೇಸರ ಬೇಡ. ಮುಂಬೈಯಲ್ಲಿ ಅದು ತೇವ ಹೆಚ್ಚಿಸಿ ಕಾಡುತ್ತದೆ, ಅಲ್ಲಿ ನಿಜಕ್ಕೂ ತಂಪು ಕೊಡುತ್ತದೆ. ಆದರೆ ಏಸಿಯ ಅಭ್ಯಾಸದಲ್ಲಿ ಎಲ್ಲ ಮುಚ್ಚಿದರೆ ಗಂಟೆಯೊಳಗೆ ಕೋಣೆ ಜಿಗುಟಾಗುತ್ತದೆ. ಎದುರಿನ ಕಿಟಕಿ ನಾಲ್ಕು ಬೆರಳಿನಷ್ಟು ತೆರೆದಿಡಿ, ತೊಟ್ಟಿಯ ನೀರು ಮಲಗುವ ಮುನ್ನ ತುಂಬಿಸಿ.