ಆಸ್ಟ್ರಾನಮಿ ಡಿಪಾರ್ಟ್‌ಮೆಂಟ್ ಎಲ್ಲಿದೆ ಅಂತ ಕೇಳೋರಿಗೆ

ಬಿಎಸ್ಸಿ ಮುಗಿಸ್ತಿರೋ ಹುಡುಗ್ರು ಆಗಾಗ ಕೇಳ್ತಿರ್ತಾರೆ, ಬೆಂಗಳೂರಲ್ಲಿ ಆಸ್ಟ್ರಾನಮಿ ಓದೋಕೆ ಯಾವ ಡಿಪಾರ್ಟ್‌ಮೆಂಟ್ ಚೆನ್ನಾಗಿದೆ ಅಂತ. ಇಷ್ಟೊಂದು ಖಗೋಳ ವಿಜ್ಞಾನಿಗಳಿರೋ ಊರು, ದೊಡ್ಡದಾಗಿ ಬೋರ್ಡ್ ಹಾಕ್ಕೊಂಡಿರೋ ಒಂದು ಡಿಪಾರ್ಟ್‌ಮೆಂಟ್ ಇದ್ದೇ ಇರುತ್ತೆ ಅನ್ನೋದು ಅವರ ಲೆಕ್ಕ. ಹಾಗಿಲ್ಲ ಕಣ್ರೀ. ಇಲ್ಲಿ ಟೆಲಿಸ್ಕೋಪ್ ಒಬ್ಬರದ್ದು, ಕ್ಲಾಸ್‌ರೂಮ್ ಇನ್ನೊಬ್ಬರದ್ದು, ಡಿಗ್ರಿ ಕೊಡೋರು ಮತ್ತೊಬ್ಬರು.

ಟಾಟಾ ಇನ್‌ಸ್ಟಿಟ್ಯೂಟ್‌ನಿಂದ ಶುರು ಮಾಡೋಣ, ಅದೇ ಐಐಎಸ್ಸಿ. ಅಲ್ಲಿನ ಫಿಸಿಕ್ಸ್ ಡಿಪಾರ್ಟ್‌ಮೆಂಟ್ ಹುಟ್ಟಿದ್ದು 1933ರಲ್ಲಿ, ಸಿ.ವಿ. ರಾಮನ್ ಕಲ್ಕತ್ತಾ ಬಿಟ್ಟು ಇಲ್ಲಿಗೆ ಡೈರೆಕ್ಟರ್ ಆಗಿ ಬಂದಾಗ. 1937ರಲ್ಲಿ ಡೈರೆಕ್ಟರ್ ಕುರ್ಚಿ ಬಿಟ್ರೂ ಪ್ರೊಫೆಸರ್ ಆಗಿ 1948ರ ತನಕ ಅಲ್ಲೇ ಇದ್ರು. ಈಗ ಅಲ್ಲಿ ಡಿಪಾರ್ಟ್‌ಮೆಂಟ್‌ಗಳನ್ನೆಲ್ಲ ಡಿವಿಜನ್ ಅಂತ ಗುಂಪು ಮಾಡಿದ್ದಾರೆ, ಒಂದೊಂದು ಡಿವಿಜನ್‌ಗೆ ಒಬ್ಬರು ಡೀನ್, ಒಂದೊಂದು ಡಿಪಾರ್ಟ್‌ಮೆಂಟ್‌ಗೆ ಒಬ್ಬರು ಚೇರ್. ತಮಾಷೆ ಏನಂದ್ರೆ ಫಿಸಿಕ್ಸ್ ಅನ್ನೋದು ಒಂದೇ ಡಿಪಾರ್ಟ್‌ಮೆಂಟ್‌ನೊಳಗೆ ಇಲ್ಲ, ಪಾರ್ಟಿಕಲ್ ಫಿಸಿಕ್ಸ್‌ನವರದ್ದು ಸೆಂಟರ್ ಫಾರ್ ಹೈ ಎನರ್ಜಿ ಫಿಸಿಕ್ಸ್ ಅಂತ ಬೇರೆ, ಉಪಕರಣ ಕಟ್ಟೋರದ್ದು ಇನ್‌ಸ್ಟ್ರುಮೆಂಟೇಶನ್ ಅಂಡ್ ಅಪ್ಲೈಡ್ ಫಿಸಿಕ್ಸ್ ಅಂತ ಬೇರೆ, ಲಿಕ್ವಿಡ್ ಹೀಲಿಯಂ ಬೇಕು ಅಂದ್ರೆ ಕ್ರಯೋಜೆನಿಕ್ ಸೆಂಟರ್ ಕಡೆ ಹೋಗ್ಬೇಕು. ಉಳಿದ ಫಿಸಿಕ್ಸ್ ಡಿಪಾರ್ಟ್‌ಮೆಂಟ್‌ನಲ್ಲಿ ದೊಡ್ಡ ಪಾಲು ಕಂಡೆನ್ಸ್ಡ್ ಮ್ಯಾಟರ್‌ನವರದ್ದು, ಅಂದ್ರೆ ಘನ, ದ್ರವ ಪದಾರ್ಥಗಳ ಗುಣ ಅಭ್ಯಾಸ ಮಾಡೋರದ್ದು. ಆಸ್ಟ್ರಾನಮಿಯವರು ಅದೇ ಡಿಪಾರ್ಟ್‌ಮೆಂಟ್‌ನೊಳಗೆ ಒಂದು ಚಿಕ್ಕ ಗುಂಪು.

ನಮ್ಮ ಸ್ಟೇಟ್ ಯೂನಿವರ್ಸಿಟಿಗಳ ಕಥೆ ಬೇರೆ. ಅಲ್ಲಿ ಚೇರ್ಮನ್ ಹುದ್ದೆ ಸೀನಿಯಾರಿಟಿ ಪ್ರಕಾರ ಸುತ್ತು ಬರುತ್ತೆ, ಸಿಲಬಸ್ ತೀರ್ಮಾನ ಮಾಡೋದು ಬೋರ್ಡ್ ಆಫ್ ಸ್ಟಡೀಸ್, ಒಬ್ಬ ಮೇಷ್ಟ್ರು ಹೊಸ ಪೇಪರ್ ಪಾಠ ಮಾಡ್ತೀನಿ ಅಂದ್ರೆ ಅದು ಆ ದಾರಿಯಲ್ಲೇ ಹೋಗ್ಬೇಕು. ಪಾಠದ ಹೊರೆ ಜಾಸ್ತಿ, ದುಡ್ಡು ಕಮ್ಮಿ, ಮೀಟರ್‌ಗಟ್ಟಲೆ ಕನ್ನಡಿ ಇರೋ ಟೆಲಿಸ್ಕೋಪ್ ಎಲ್ಲಿಂದ ಬರ್ಬೇಕು ಹೇಳಿ. ಪಕ್ಕದ ಹೈದರಾಬಾದಿನ ಉಸ್ಮಾನಿಯಾ ಯೂನಿವರ್ಸಿಟಿ ಮಾತ್ರ ಇದಕ್ಕೆ ಹೊರತು, ನಿಜಾಮಿಯಾ ಅಬ್ಸರ್ವೇಟರಿ ಅವರ ಕೈಗೆ ಬಂದಿದ್ರಿಂದ ಅಲ್ಲಿ ಆಸ್ಟ್ರಾನಮಿಗೇ ಅಂತ ಪ್ರತ್ಯೇಕ ಡಿಪಾರ್ಟ್‌ಮೆಂಟ್ ಬೆಳೀತು.

ಸ್ವಾತಂತ್ರ್ಯ ಬಂದ್ಮೇಲೆ ರಿಸರ್ಚ್ ದುಡ್ಡು ಹೆಚ್ಚಾಗಿ ಹೋಗಿದ್ದು ಇನ್‌ಸ್ಟಿಟ್ಯೂಟ್‌ಗಳಿಗೆ, ಯೂನಿವರ್ಸಿಟಿಗೆ ಉಳಿದಿದ್ದು ಪಾಠ ಮತ್ತು ಪರೀಕ್ಷೆ. ಇದು ಒಳ್ಳೇದಾಯ್ತು ಅಂತ ನಂಗಂತೂ ಅನ್ಸಲ್ಲ, ಆದ್ರೆ ಆಗಿದ್ದು ಹಾಗೆ. ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್, ಅಂದ್ರೆ ಐಐಎ, ಮೂಲದಲ್ಲಿ ಕೊಡೈಕನಾಲ್ ಅಬ್ಸರ್ವೇಟರಿ. 1971ರಲ್ಲಿ ಅದು ಸ್ವಾಯತ್ತ ಸಂಸ್ಥೆ ಆಯ್ತು, ಖಗೋಳ ವಿಜ್ಞಾನಿ ವೇಣು ಬಾಪು ಅದನ್ನ ಬೆಂಗಳೂರಿಗೆ ತಂದ್ರು. ಜವಾದಿ ಬೆಟ್ಟದ ಕಾವಲೂರಿನ 2.3 ಮೀಟರ್ ಟೆಲಿಸ್ಕೋಪ್ ಇವರದ್ದು, ಲಡಾಖಿನ ಹಾನ್ಲೆಯಲ್ಲಿರೋ 2 ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪೂ ಇವರದ್ದೇ. ಹಾನ್ಲೆದನ್ನ ನಡೆಸೋದು ಸ್ಯಾಟಲೈಟ್ ಲಿಂಕ್‌ನಲ್ಲಿ ನಮ್ಮ ಹೊಸಕೋಟೆಯಿಂದ! ಸುಮಾರು 4500 ಮೀಟರ್ ಎತ್ತರದಲ್ಲಿ ಕನ್ನಡಿ ತಿರುಗ್ತಿರುತ್ತೆ, ಇಲ್ಲಿ ರೂಮಲ್ಲಿ ಕೂತಿರೋರು ಟೀ ಕುಡೀತಾ ಡೇಟಾ ತಗೋತಿರ್ತಾರೆ.

ಇತ್ತ ಮೇಖ್ರಿ ಸರ್ಕಲ್ ಹತ್ರ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್, ರಾಮನ್ ರಿಟೈರ್ ಆದ್ಮೇಲೆ ಕಟ್ಟಿಕೊಂಡಿದ್ದು. ಅವರು ಬದುಕಿರೋವರೆಗೂ ಸರ್ಕಾರದ ದುಡ್ಡು ಬೇಡ ಅಂತಿದ್ರು, 1970ರಲ್ಲಿ ಹೋದ್ರು, 1972ರಲ್ಲಿ ಸರ್ಕಾರದ ಅನುದಾನ ಶುರುವಾಗಿ ಮಗ ವಿ. ರಾಧಾಕೃಷ್ಣನ್ ಡೈರೆಕ್ಟರ್ ಆದ್ರು, ಆಗ ರೇಡಿಯೋ ಆಸ್ಟ್ರಾನಮಿ ಇಲ್ಲಿ ಬೇರು ಬಿಡ್ತು. ವೇಲಾ ಪಲ್ಸಾರ್ (ಗಿರಗಿರ ತಿರುಗ್ತಾ ರೇಡಿಯೋ ಮಿಡಿತ ಕಳಿಸೋ ಒಂದು ನಕ್ಷತ್ರ) ಮೇಲೆ ಕೆಲಸ ಮಾಡಿ ಹೆಸರು ಮಾಡಿದ ಈ ಮನುಷ್ಯ ಓದಿದ್ದು ಮೈಸೂರು ಯೂನಿವರ್ಸಿಟಿಯ ಬಿಎಸ್ಸಿ ಆನರ್ಸ್, ಪಿಎಚ್‌ಡಿ ಗೋಜಿಗೇ ಹೋಗ್ಲಿಲ್ಲ. ಇವತ್ತು ಆ ಬಯೋಡೇಟಾ ಹಿಡ್ಕೊಂಡು ಬಂದ್ರೆ ಗೇಟ್ ಹತ್ರಾನೇ ವಾಪಸ್ ಕಳಿಸ್ತಿದ್ರೇನೋ. ಗೌರಿಬಿದನೂರಿನ 34.5 ಮೆಗಾಹರ್ಟ್ಸ್ ಟಿ ಆಕಾರದ ರೇಡಿಯೋ ಟೆಲಿಸ್ಕೋಪನ್ನ ರಾಮನ್ ಇನ್‌ಸ್ಟಿಟ್ಯೂಟೂ ಐಐಎನೂ ಸೇರಿ ಕಟ್ಟಿದ್ದು, ಪೂರ್ವ ಪಶ್ಚಿಮಕ್ಕೆ 1.4 ಕಿಲೋಮೀಟರ್ ಉದ್ದ ಆಂಟೆನಾ ಸಾಲು.

ಈಗ ತೊಡಕು ಏನಂದ್ರೆ ಇವೆರಡೂ ಸಂಸ್ಥೆಗೆ ತಾವೇ ಡಿಗ್ರಿ ಕೊಡೋ ಅಧಿಕಾರ ಇಲ್ಲ. ರಾಮನ್ ಇನ್‌ಸ್ಟಿಟ್ಯೂಟ್‌ನ ಸ್ಟೂಡೆಂಟ್ಸ್ ದೆಹಲಿ ಜೆಎನ್‌ಯುನಲ್ಲಿ ರಿಜಿಸ್ಟರ್ ಆಗ್ತಾ ಬಂದಿದ್ದಾರೆ, ಐಐಎಯವರು ಪಾಂಡಿಚೇರಿ ಯೂನಿವರ್ಸಿಟಿಯಲ್ಲಿ. ಅಂದ್ರೆ ಐದಾರು ವರ್ಷ ಕೋರಮಂಗಲದಲ್ಲಿ ಕೂತು ಕೆಲಸ ಮಾಡಿದೋರ ಸರ್ಟಿಫಿಕೇಟ್ ಮೇಲೆ ಪಾಂಡಿಚೇರಿ ಅಂತಿರುತ್ತೆ, ಮದುವೆಗೆ ಬಂದ ನೆಂಟರಿಗೆ ಇದನ್ನ ವಿವರಿಸೋ ಕಷ್ಟ ಅವರಿಗೇ ಗೊತ್ತು.

ಈ ಚದುರಿದ್ದನ್ನ ಒಂದು ಕಡೆ ಸೇರಿಸೋಕೆ 1982ರಲ್ಲಿ ಬಂದಿದ್ದು ಜಾಯಿಂಟ್ ಆಸ್ಟ್ರಾನಮಿ ಪ್ರೋಗ್ರಾಮ್, ಎಲ್ಲರ ಬಾಯಲ್ಲೂ ಜ್ಯಾಪ್. ಆಫೀಸು ಐಐಎಸ್ಸಿ ಫಿಸಿಕ್ಸ್ ಡಿಪಾರ್ಟ್‌ಮೆಂಟ್‌ನದ್ದು, ಡಿಗ್ರಿನೂ ಐಐಎಸ್ಸಿದೇ, ಆದ್ರೆ ಪಾಠ ಮಾಡೋಕೆ ಬೇರೆ ಬೇರೆ ಸಂಸ್ಥೆಯೋರು ಬರ್ತಾರೆ, ಕೋರ್ಸ್‌ವರ್ಕ್ ಮುಗಿದ್ಮೇಲೆ ಸ್ಟೂಡೆಂಟ್ ಐಐಎಗೋ ರಾಮನ್ ಇನ್‌ಸ್ಟಿಟ್ಯೂಟ್‌ಗೋ ಹೋಗಿ ಅಲ್ಲಿನ ಗೈಡ್ ಹತ್ರ ಥೀಸಿಸ್ ಮಾಡಬಹುದು. ನನ್ನ ಪ್ರಕಾರ ಹೊಸ ಕಟ್ಟಡ ಕಟ್ಟದೆ, ಯಾರ ಟೆಲಿಸ್ಕೋಪನ್ನೂ ಕಿತ್ಕೊಳ್ಳದೆ ಇಷ್ಟು ಮಾಡಿದ್ದು ಜಾಣತನ. ಇಷ್ಟು ಸಂಸ್ಥೆ ಸೇರಿ ಒಂದು ಟೈಮ್‌ಟೇಬಲ್ ಮಾಡೋದು ನಮ್ಮ ದೇಶದಲ್ಲಿ ಸಣ್ಣ ವಿಷ್ಯ ಅಲ್ಲ ಬಿಡಿ, ಅದರ ಮೇಲೆ ಮಲ್ಲೇಶ್ವರಕ್ಕೂ ಕೋರಮಂಗಲಕ್ಕೂ ನಡುವಿನ ಟ್ರಾಫಿಕ್ ಬೇರೆ.

ಹಾಗಾಗಿ ಎಲ್ಲಿ ಸೇರ್ಲಿ ಅಂತ ಕೇಳೋ ಬದಲು ಮೂರು ಪ್ರಶ್ನೆ ಕೇಳ್ಕೊಳ್ಳಿ: ಗೈಡ್ ಯಾರು, ಅವರಿಗೆ ಡೇಟಾ ಯಾವ ಟೆಲಿಸ್ಕೋಪಿಂದ ಬರುತ್ತೆ, ಡಿಗ್ರಿ ಮೇಲೆ ಯಾವ ಯೂನಿವರ್ಸಿಟಿ ಹೆಸರಿರುತ್ತೆ. ಇನ್ನು ತಯಾರಿಗೆ ರಾಶಿ ನಕ್ಷತ್ರದ ಹೆಸರೆಲ್ಲ ಉರು ಹೊಡೀಬೇಡಿ, ಇಂಥ ಸಂಸ್ಥೆಗಳಿಗೆ ಸೇರೋಕೆ ಬರೆಯೋ ಪ್ರವೇಶ ಪರೀಕ್ಷೆ ಜೆಸ್ಟ್‌ನ ಪೇಪರ್‌ನಲ್ಲಿ ಬರೋದು ಕ್ಲಾಸಿಕಲ್ ಮೆಕ್ಯಾನಿಕ್ಸ್, ಕ್ವಾಂಟಮ್, ಎಲೆಕ್ಟ್ರೋಮ್ಯಾಗ್ನೆಟಿಸಂ, ಥರ್ಮೋಡೈನಾಮಿಕ್ಸ್. ಬಿಎಸ್ಸಿಯಲ್ಲಿ ಪಾಸ್ ಆದ್ರೆ ಸಾಕು ಅಂತ ಬಿಟ್ಟಿದ್ದ ಚಾಪ್ಟರ್‌ಗಳು ಅಲ್ಲಿ ಬಂದೇ ಬರ್ತವೆ.